ಇದಲ್ಲ, ಬೇರೆ ತೋರಿಸಿ

ಜನವರಿ ೯, ೧೯೩೪. ಮಂಗಳವಾರ

ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ. ಮೊದಲು ಡೂಗಲ್‌ನ ನಾಯಿ ಒಳಗೆ ಬಂತು, ಅದರ ಹಿಂದೆ ಡೂಗಲ್ ಬಂದ, ಅವನ ಹಿಂದೆ ಗೋಡೆಗೆ ಮೈ ತಾಗಿಸಿಕೊಂಡೇ ಲಾಕ್ಲನ್ ಬಂದ. ನಾಯಿ ಒಲೆಯ ಮುಂದೆ ನಿಂತು ಮೈ ಕೊಡವಿತು. ಕೊಳೆತ ಕಡಲಪಾಚಿ, ಒದ್ದೆ ಕುರಿ, ಅದರ ಮೇಲೆ ಡೂಗಲ್‌ನ ಪೈಪಿನ ಹೊಗೆ. ಕಸಬರಿಗೆ ಹಿಡಿದು ನಾಯಿಯನ್ನು ಹೊರಗಟ್ಟಿದೆ. ಡೂಗಲ್‌ನನ್ನೂ ಅಟ್ಟುತ್ತಿದ್ದೆ, ಆದರೆ ಅಪ್ಪ ಆಗಲೇ ಅವನಿಗೆ ಕುರ್ಚಿ ಎಳೆದುಕೊಟ್ಟಿದ್ದ.

ಇಬ್ಬರು ಗಂಡಸರು ಸಂಜೆ ಹೊತ್ತು ಬಾಟಲಿ ಹಿಡಿದು ಬಂದರೆ ಏತಕ್ಕೆಂದು ಈ ದ್ವೀಪದ ಕೋಳಿಗಳಿಗೂ ಗೊತ್ತು. ತಂಗಿ ಶೋನಾಗ್ ಹಿಂದಿನ ಕೋಣೆಗೆ ಓಡಿ ಬಾಗಿಲ ಸಂದಿಗೆ ಕಿವಿ ಕೊಟ್ಟಳು. ಲಾಕ್ಲನ್ ಜೊತೆ ಅವಳ ಓಡಾಟ ಬೇಸಿಗೆಯಿಂದಲೂ ನಡೆದಿದೆ. ಆದರೆ ಮದುವೆಯಾಗುವವನು ಬಾಯಿ ಬಿಡುವ ಹಾಗಿಲ್ಲ. ಅವನು ಕಲ್ಲಿನ ಹಾಗೆ ಕೂತಿರಬೇಕು, ಅವನ ಪರವಾಗಿ ಇನ್ನೊಬ್ಬ ಗಂಡಸು ಹೆಣ್ಣು ಕೇಳಬೇಕು. ಲಾಕ್ಲನ್‌ಗೆ ಇದು ಒಳ್ಳೆಯದೇ ಆಯಿತು, ಅವನಿಗೆ 'ಹೂಂ' ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಈ ತೀರಕ್ಕೆಲ್ಲ ಹೆಣ್ಣು ಕೇಳುವ ಬಾಯಿ ಡೂಗಲ್‌ನದು. ಅಂಚೆ ದೋಣಿ ನಡೆಸುವುದು ಅವನ ಹೊಟ್ಟೆಪಾಡು, ಇದು ಅವನ ಮೆರೆದಾಟ.

“ಯಜಮಾನ್ರೆ, ಈ ಹುಡುಗನ ಹತ್ರ ಹುಟ್ಟು ಇದೆ, ದೋಣಿ ಇಲ್ಲ,” ಅಂದ. “ನಿಮ್ಮನೇಲಿ ಒಂದು ದೋಣಿ ದಡದ ಮೇಲೆ ಸುಮ್ನೆ ಬಿದ್ದಿದೆ ಅಂತ ಕೇಳ್ದೆ.”

“ಸುಮ್ನೆ ಏನೂ ಬಿದ್ದಿಲ್ಲ. ಬಣ್ಣ ಹೊಡೆದು ಇಟ್ಟಿದೀನಿ,” ಅಂದ ಅಪ್ಪ.

“ಆ ಬಣ್ಣ ನೋಡೇ ಹುಡುಗ ಊಟ ಬಿಟ್ಟಿರೋದು.”

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಗಂಟೆ ಮಾತಾಡಿದರು. ಒಂದೇ ಲೋಟ, ಮೂರು ಮೀಸೆ. ಅಪ್ಪನ ಮೀಸೆ ಅದ್ದಿದ್ದು ಡೂಗಲ್‌ಗೆ, ಡೂಗಲ್‌ನದು ಲಾಕ್ಲನ್‌ಗೆ. ಕೊನೆಗೆ ಅಪ್ಪ ಒಪ್ಪಿದ. ಊರವರ ಮುಂದೆ ದೊಡ್ಡದಾಗಿ ಕೇಳುವ ಶಾಸ್ತ್ರ, ನಮ್ಮ ಮಾತಿನಲ್ಲಿ ರೇಚಾಖ್, ಮುಂದಿನ ವಾರ. ಮದುವೆ ತಿಂಗಳ ಕೊನೆಗೆ. ಅಪ್ಪನಿಗೆ ಗಂಡುಮಕ್ಕಳಿಲ್ಲವಾದ್ದರಿಂದ ಲಾಕ್ಲನ್ ಇಲ್ಲಿಗೇ ಬಂದು ಇರುತ್ತಾನಂತೆ.

ಅವರು ಹೋದ ಮೇಲೆ ಲೋಟವನ್ನು ಬೂದಿ ಹಾಕಿ ತಿಕ್ಕಿದೆ. ಶೋನಾಗ್ ಬಂದು ಕುತ್ತಿಗೆಗೆ ಜೋತುಬಿದ್ದಳು. ಒಳ್ಳೆಯದಾಗಲಿ ಅವಳಿಗೆ. ನನಗೆ ಸಂಕಟವಿರುವುದು ಮುಂದಿನ ವಾರದ್ದು. ಆವತ್ತು ಹುಡುಗಿಯನ್ನು ಒಂದೇ ಸಲಕ್ಕೆ ತೋರಿಸುವುದಿಲ್ಲ. ಮೊದಲು ಮನೆಯ ಬೇರೆ ಹೆಂಗಸರನ್ನು ಒಬ್ಬೊಬ್ಬರಾಗಿ ಜನರ ಮುಂದೆ ನೂಕುತ್ತಾರೆ. “ಇದಾ ನೀವು ಕೇಳಿದ್ದು?” ಅಂತ ಮನೆಯವರು ಕೇಳಬೇಕು. “ಇದಲ್ಲ, ಬೇರೆ ತೋರಿಸಿ” ಅಂತ ಡೂಗಲ್ ಹೇಳಬೇಕು, ಹೇಳಿ ಒಂದು ಕಾರಣ ಕಟ್ಟಬೇಕು. ಜನ ಹೊಟ್ಟೆ ಹಿಡಿದುಕೊಂಡು ನಗಬೇಕು.

ನನ್ನನ್ನು ಮೂರು ಮನೆಯಲ್ಲಿ ಹಾಗೆ ನೂಕಿದ್ದಾರೆ. ಚಿಕ್ಕಪ್ಪನ ಮಗಳ ಶಾಸ್ತ್ರದಲ್ಲಿ, “ಕುರಿ ಒಳ್ಳೇದೇ, ಆದ್ರೆ ನಮ್ಮ ಹುಡುಗನ ಬೇಲಿ ಗಿಡ್ಡ, ಹಾರಿಬಿಡತ್ತೆ.” ಪಕ್ಕದ ಮನೆಯಲ್ಲಿ, “ಹಸು ಚೆಂದ, ಒದೆಯೋ ಕಾಲು ನೋಡಿದ್ರೆ ಭಯ.” ಹೋದ ವರ್ಷ, “ಈ ಉಣ್ಣೆ ಹೊದ್ರೆ ನಮ್ಮ ಹುಡುಗ ಸೆಖೆಗೇ ಸತ್ತೋಗ್ತಾನೆ.” ಇದನ್ನೆಲ್ಲ ನಾನೇನು ಬೇಕೆಂದು ನೆನಪಿಟ್ಟುಕೊಂಡಿಲ್ಲ. ಕೊಳೆ ತಾನಾಗಿಯೇ ಅಂಟುತ್ತದೆ.

ಈ ಸಲ ಬಾಗಿಲು ದಾಟುವುದಿಲ್ಲ. ಬರೆದಿಟ್ಟಿದ್ದೇನೆ.

ಜನವರಿ ೧೨, ಶುಕ್ರವಾರ

ಒಯ್ರಿಕ್ ಅತ್ತೆ ಬಂದಿದ್ದಳು. ಅಪ್ಪನ ಅಕ್ಕ. ಬಾಯಲ್ಲಿ ಉಳಿದಿರುವುದು ಎರಡು ಹಲ್ಲು, ಎರಡೂ ನನ್ನನ್ನು ಕಡಿಯುವುದಕ್ಕೆ.

“ನಾನು ಈ ಸಲ ಹೋಗಲ್ಲ ಅತ್ತೆ.”

“ಹೋಗ್ದೆ? ನೂಕೋಕೆ ಇರೋದು ನಾನು, ನೀನು, ಹಸು. ಹಸೂನ ನೂಕ್ಲಾ?”

“ನೂಕು. ನನಗಿಂತ ಚೆನ್ನಾಗಿ ತಲೆ ಆಡ್ಸತ್ತೆ.”

“ಬಾಯಿ ನೋಡು ಇವಳ್ದು! ಅಕ್ಕ ಬರ್ಲಿಲ್ಲ ಅಂದ್ರೆ ಊರವ್ರು ಏನಂತಾರೆ ಗೊತ್ತಾ? ತಂಗಿ ಮದುವೆಗೆ ಹೊಟ್ಟೆ ಉರ್ಕೊಂಡ್ಲು ಅಂತಾರೆ. ಮೂವತ್ತಾರಾಯ್ತು ನಿಂಗೆ, ಇನ್ನೂ ಏನು ನಾಚ್ಕೆ?”

ನಾಚಿಕೆಯಲ್ಲ, ಹೇಸಿಗೆ. ಯಾರ್ಮತ್ ಬಂದರಿನಲ್ಲಿ ಹತ್ತು ಹಂಗಾಮು ಹೆರಿಂಗ್ ಮೀನು ಕೊಯ್ದವಳು ನಾನು. ಮೊಣಕೈವರೆಗೆ ಕರುಳು, ಗಾಯಕ್ಕೆ ಉಪ್ಪು, ಕೂದಲಲ್ಲಿ ಹುರುಪೆ. ಅಲ್ಲಿ ಒಂದು ದಿನವೂ ವಾಕರಿಕೆ ಬರಲಿಲ್ಲ. ಮೀನು ಆರಿಸುವವರು ನನ್ನನ್ನು ಆರಿಸುತ್ತಿರಲಿಲ್ಲ, ಅದಕ್ಕೆ. ಶೋನಾಗ್ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಂಡಳು. ಅವಳು ಜೋರಾಗಿ ಅತ್ತಿದ್ದರೆ ಎದುರು ನಿಲ್ಲುತ್ತಿದ್ದೆ.

ಮಧ್ಯಾಹ್ನ ಗೊಬ್ಬರಕ್ಕೆಂದು ಪಾಚಿ ತರಲು ದಡಕ್ಕೆ ಹೋದರೆ ಡೂಗಲ್ ದೋಣಿಯ ಹೊಟ್ಟೆಗೆ ಡಾಂಬರು ಬಳಿಯುತ್ತಿದ್ದ. ಮೂಗಿನ ಮೇಲೂ ಡಾಂಬರು. ಸ್ವೆಟರಿನ ಮೊಣಕೈ ಬಿಚ್ಚಿಕೊಂಡು ದಾರ ತೂಗಾಡುತ್ತಿತ್ತು. ನಲವತ್ತು ದಾಟಿದ ಗಂಡಸು ಹೀಗೆ ಓಡಾಡುವುದು ಅಸಹ್ಯ.

“ಕುರಿ ಆಯ್ತು, ಹಸು ಆಯ್ತು, ಉಣ್ಣೆ ಆಯ್ತು. ಈ ಸಲ ದೋಣಿನಾ?” ಅಂದೆ. “ನಾನು ಬರಲ್ಲ ಹೋಗು.”

“ಬರದಿದ್ರೆ ನಾನು ಯಾರನ್ನ ಬೇಡ ಅನ್ಲಿ? ಒಯ್ರಿಕ್ ಅತ್ತೇನ ಬೇಡ ಅನ್ನೋಕೆ ಬಾಯಿ ಬೇಕಾಗಿಲ್ಲ, ಕಣ್ಣಿದ್ರೆ ಸಾಕು.”

ನಗು ಬರಲಿಲ್ಲ. ಕೆಮ್ಮು ಬಂತು.

“ನೀನೇ ಯಾಕೆ ಮದುವೆ ಆಗ್ಲಿಲ್ಲ, ಊರಿಗೆಲ್ಲ ಮಾಡಿಸ್ತೀಯಲ್ಲ?” ಅಂತ ಕೇಳಿದೆ. ಕುಟುಕಬೇಕೆಂದೇ ಕೇಳಿದ್ದು.

“ನನಗೆ ಕೇಳೋಕೆ ಯಾರು ಹೋಗ್ತಾರೆ? ಇರೋದೊಂದು ಬಾಯಿ, ಅದು ನನ್ನದೇ,” ಅಂದ, ಕುಂಚ ಅದ್ದಿಕೊಂಡ.

ಡಾಂಬರಿನ ವಾಸನೆ ಇನ್ನೂ ಶಾಲಿನಲ್ಲಿದೆ. ಒಗೆಯಬೇಕು.

ಜನವರಿ ೧೯, ಶುಕ್ರವಾರ

ಆಯಿತು. ಹೋದೆ. ನೂಕಿಸಿಕೊಂಡೆ.

ಮನೆ ತುಂಬ ಜನ. ಒದ್ದೆ ಕೋಟುಗಳು ಒಲೆಯ ಶಾಖಕ್ಕೆ ಹಬೆಯಾಡುತ್ತಿದ್ದವು. ಬೇಯಿಸಿದ ಕುರಿಮಾಂಸದ ಕೊಬ್ಬು ತಟ್ಟೆಯಲ್ಲಿ ಹೆಪ್ಪುಗಟ್ಟಿತ್ತು. ಯಾರೋ ಒಲೆಗೆ ಉಗುಳಿ ಗುರಿ ತಪ್ಪಿದರು. ಅಂಗಡಿಯ ಫಾರ್ಕರ್ ಮೂಲೆಯಲ್ಲಿ ಕೂತು ತಟ್ಟೆಗೆ ಸುರಿದುಕೊಂಡ ಚಹಾವನ್ನು ಸೊರಸೊರ ಹೀರುತ್ತಿದ್ದ. ಹೆಂಡತಿ ಸತ್ತು ಎರಡು ವರ್ಷವಾಯಿತು, ಮೀಸೆಯಲ್ಲಿ ಮೊಟ್ಟೆಯ ಹಳದಿ ಅವತ್ತಿನಿಂದಲೂ ಇದೆ.

ಮೊದಲು ಒಯ್ರಿಕ್ ಅತ್ತೆಯನ್ನು ಬಿಟ್ಟರು. ಸೊಂಟಕ್ಕೆ ಕೈ ಇಟ್ಟು ಒಂದು ಸುತ್ತು ತಿರುಗಿದಳು. “ಹಲಗೆ ಗಟ್ಟಿ, ಆದ್ರೆ ಮೊಳೆ ಎರಡೇ ಉಳಿದಿವೆ,” ಅಂದ ಡೂಗಲ್. ಜನ ಉರುಳಾಡಿದರು. ಅತ್ತೆಗೇ ಎಲ್ಲರಿಗಿಂತ ಜೋರು ನಗು.

ಆಮೇಲೆ ನಾನು. ನೆಲ ನೋಡುತ್ತ ನಿಂತೆ. ಡೂಗಲ್‌ನ ಬೂಟಿಗೆ ಎಣ್ಣೆ ಹಚ್ಚಿತ್ತು, ಕೊರಳಪಟ್ಟಿ ಹೊಸದು. ಬೇರೆಯವರ ಮದುವೆಗೆ ಇವನಿಗೇಕೆ ಹೊಸ ಕೊರಳಪಟ್ಟಿ?

“ಇದಾ ನೀವು ಕೇಳಿದ್ದು?” ಅಂದ ಅಪ್ಪ.

ಡೂಗಲ್ ಮಾತು ಹುಡುಕುವವನಲ್ಲ, ನನ್ನನ್ನು ಬೇಕೆಂದೇ ನಿಲ್ಲಿಸಿಕೊಂಡ. “ಇದು ದೊಡ್ಡ ಸಮುದ್ರದ ದೋಣಿ ಯಜಮಾನ್ರೆ. ಗಾಳಿಗೆ ಎದುರು ಹೋಗತ್ತೆ. ನಮ್ಮ ಹುಡುಗ ಕೊಲ್ಲಿ ದಾಟಿದವನಲ್ಲ. ಇದಲ್ಲ, ಬೇರೆ ತೋರಿಸಿ.”

ನಕ್ಕರು, ಆದರೆ ಅಷ್ಟೇನೂ ನಗಲಿಲ್ಲ. ಮಾತು ಅವರಿಗೆ ಹತ್ತಲಿಲ್ಲವೋ ಏನೋ. ನಾನು ಸರಿದು ನಿಂತೆ. ಶೋನಾಗ್ ಬಂದಳು, “ಇದೇ ಇದೇ” ಎಂದು ಕೂಗಿದರು, ಲಾಕ್ಲನ್ ಹೂಂ ಅಂದ, ಲೋಟ ಇಡೀ ಮನೆ ಸುತ್ತಿತು. ಎಲ್ಲರ ಎಂಜಲೂ ಅದರಲ್ಲಿ. ನನ್ನ ಕೈಗೆ ಬರುವ ಮುಂಚೆ ಕುಡಿದವನು ಡೂಗಲ್. ಕುಡಿಯದಿದ್ದರೆ ತಂಗಿಗೆ ಅಪಶಕುನವೆಂದು ಕುಡಿದೆ.

ಫಾರ್ಕರ್ ಇಡೀ ಹೊತ್ತು ನನ್ನನ್ನೇ ನೋಡುತ್ತಿದ್ದ. ಗ್ಲಾಸ್ಗೋದಿಂದ ಬಂದ ಹಿಟ್ಟಿನ ಮೂಟೆಯನ್ನು ಇಳಿಸಿಕೊಳ್ಳುವ ಮುಂಚೆ ನೋಡುವ ಹಾಗೆ.

ಜನವರಿ ೨೯, ಸೋಮವಾರ

ಎರಡು ದಿನದಿಂದ ಕೋಳಿ. ಮನೆಗೆ ಎರಡರಂತೆ ಊರೆಲ್ಲ ತಂದುಕೊಟ್ಟಿದೆ. ಕೊಟ್ಟಿಗೆಯಲ್ಲಿ ಹೆಂಗಸರು ಸಾಲಾಗಿ ಕೂತು ಪುಕ್ಕ ಕೀಳುತ್ತಾರೆ, ಹಾಡು ಹೇಳುತ್ತಾರೆ, ಹಾಡಿಗಿಂತ ಹೊಲಸಾದ ಮಾತಾಡುತ್ತಾರೆ. ಕಣ್ಣಲ್ಲಿ ಪುಕ್ಕ, ಬಾಯಲ್ಲಿ ಪುಕ್ಕ, ಗಂಜಿಯಲ್ಲಿ ಪುಕ್ಕ. ಬೆಂದ ಕೋಳಿಯ ವಾಸನೆ ಗೋಡೆಗೆ ಹತ್ತಿದೆ.

ತೀರದ ಆಚೆ ಊರಿನ ಕೋಳಿಗಳನ್ನು ಡೂಗಲ್ ದೋಣಿಯಲ್ಲಿ ತಂದ. ಹೆಗಲ ಮೇಲೆ ಕೋಳಿ ಹಿಕ್ಕೆ, ಅವನಿಗೆ ಅದರ ಪರಿವೆಯೇ ಇಲ್ಲ. ಮೊಣಕೈ ಇನ್ನೂ ಬಿಚ್ಚಿಕೊಂಡೇ ಇತ್ತು. ಅದನ್ನು ನೋಡಿ ನೋಡಿ ಸಾಕಾಗಿ, ಬಿಚ್ಚಿಕೊಡು ಅಂದು ಅಲ್ಲೇ ಕೂತು ಹೊಲಿದುಕೊಟ್ಟೆ. ನನ್ನ ಕಣ್ಣಿನ ನೆಮ್ಮದಿಗೆ, ಅಷ್ಟೆ. ಹೆಂಗಸರು ಹಾಡು ನಿಲ್ಲಿಸಿದ್ದು ಯಾಕೋ ತಿಳಿಯಲಿಲ್ಲ.

ಸಂಜೆ ಶೋನಾಗ್‌ಳ ಕಾಲು ತೊಳೆದರು. ತೊಳೆದರು ಎನ್ನುವುದು ಮಾತಿಗೆ. ಒಲೆಯ ಮಸಿ, ಹಂದಿಕೊಬ್ಬು, ಕಾಕಂಬಿ ಕಲಸಿ ಮಂಡಿಯವರೆಗೆ ಬಳಿದು, ಅದರ ಮೇಲೆ ಕೋಳಿಪುಕ್ಕ ಮೆತ್ತಿ, ಆಮೇಲೆ ತೊಳೆದರು. ಬಳಿದವರು ಎಂಟು ಜನ. ಮೂರು ಬಿಂದಿಗೆ ನೀರು ಹೊತ್ತು ಕಪ್ಪು ಬಿಡಿಸಿದವಳು ನಾನೊಬ್ಬಳು. ತೊಳೆಯುವ ನೀರಲ್ಲಿ ಒಂದು ಉಂಗುರ ಹಾಕಿರುತ್ತಾರೆ, ಸಿಕ್ಕವಳಿಗೆ ಮುಂದಿನ ಮದುವೆ. ತಳದ ಮಡ್ಡಿ ಚೆಲ್ಲುವಾಗ ನನ್ನ ಬೆರಳಿಗೆ ಸಿಕ್ಕಿತು. ಯಾರಿಗೂ ಹೇಳದೆ ಒರೆಸಿ ಅತ್ತೆಯ ಜೇಬಿಗೆ ಹಾಕಿದೆ. ಅತ್ತೆ ಕೂಗಿದಳು, “ಅಯ್ಯೋ, ನಂಗೆ ಬಂತು ಕಣ್ರೇ!” ಮಾಡಿಕೊಳ್ಳಲಿ.

ಜನವರಿ ೩೦, ಮಂಗಳವಾರ

ಮದುವೆ ಆಯಿತು. ಪಾದ್ರಿಗೆ ನೆಗಡಿ. ಊಟದ ಮನೆಯಲ್ಲಿ ಮೂವರು ವಾಂತಿ ಮಾಡಿದರು, ಗುಡಿಸಿದ್ದು ನಾನು. ಒಂದು ಕುಣಿತಕ್ಕೆ ಡೂಗಲ್ ಕೈಹಿಡಿದು ಎಳೆದ. ಅವನ ಅಂಗೈ ಹಗ್ಗದ ಹಾಗೆ ಒರಟು. ಕೈ ತೊಳೆದುಕೊಳ್ಳಬೇಕೆಂದಿದ್ದೆ, ಮರೆತುಹೋಯಿತು.

ಫೆಬ್ರವರಿ ೩, ಶನಿವಾರ

ಎರಡು ಕೋಣೆಯ ಮನೆ. ಹಿಂದಿನದು ಅವರಿಬ್ಬರದು. ನಾನು ಒಲೆಯ ಪಕ್ಕದ ಬೆಂಚಿನ ಮೇಲೆ ಮಲಗುತ್ತೇನೆ, ಅಪ್ಪ ಗೂಡುಮಂಚದಲ್ಲಿ ಗೊರಕೆ ಹೊಡೆಯುತ್ತಾನೆ. ಬೆಳಿಗ್ಗೆ ಗಂಜಿ ಮಾಡಲು ಎದ್ದರೆ ಶೋನಾಗ್ ಆಗಲೇ ಮಾಡಿಟ್ಟಿದ್ದಳು, ಉಪ್ಪು ಜಾಸ್ತಿ. ನಾನು ಸೌಟು ಹಿಡಿದುಕೊಂಡು ನಿಂತೆ. ಅವಳೂ ಸೌಟು ಹಿಡಿದುಕೊಂಡು ನಿಂತಳು. ಇಬ್ಬರೂ ಕ್ಷಮೆ ಕೇಳಿದೆವು.

ಮಧ್ಯಾಹ್ನ ಚಹಾಪುಡಿಗೆ ಫಾರ್ಕರ್‌ನ ಅಂಗಡಿಗೆ ಹೋದೆ. ಅವನು ಬೆರಳು ನೆಕ್ಕಿ ಕಾಗದದ ಪೊಟ್ಟಣ ಬಿಡಿಸುತ್ತಾನೆ. ಉಗುರಿನ ಕೆಸರು ತೆಗೆಯುವುದೂ ಚೀಸ್ ಕತ್ತರಿಸುವುದೂ ಒಂದೇ ಚಾಕು.

“ನೀನು ಹೆರಿಂಗ್ ಕೊಯ್ದವಳು ಮಾರ್ಸಲಿ. ಕೈ ಚುರುಕು,” ಅಂದ. “ಅಂಗಡಿಗೆ ಅಂಥ ಕೈ ಬೇಕು. ನಿಂಗೂ ಅಲ್ಲಿ ಇನ್ನು ಜಾಗ ಎಲ್ಲಿದೆ ಹೇಳು?”

ನಶ್ಯ ಏರಿಸಿ ಸೀನಿದ. ಪೊಟ್ಟಣದ ಮೇಲೆಯೇ.

ಮನೆಗೆ ಬರುವ ಹೊತ್ತಿಗೆ ಒಯ್ರಿಕ್ ಅತ್ತೆ ಅಪ್ಪನ ಕಿವಿ ಕಚ್ಚಿ ಆಗಿತ್ತು. ಫಾರ್ಕರ್ ಕೇಳಲು ಬರುತ್ತಾನಂತೆ, ಶುಕ್ರವಾರ. ಅದಾದ ಮೇಲೆ ಉಪವಾಸದ ದಿನಗಳು ಶುರು, ಈಸ್ಟರ್ ಹಬ್ಬದವರೆಗೆ ಹೆಣ್ಣು ಕೇಳುವ ಹಾಗಿಲ್ಲ.

“ಒಂದು ಒಲೆಗೆ ಇಬ್ರು ಯಜಮಾನ್ತಿ ಆಗಲ್ಲ ಕಣೇ,” ಅಂದಳು ಅತ್ತೆ. “ಮಾಳಿಗೆ ಮನೆ, ಮರದ ನೆಲ. ಇನ್ನೇನು ಬೇಕು?”

ಅಪ್ಪ ಮಾತ್ರ ನನ್ನ ಮುಖ ನೋಡಿದ. “ಬರ್ಲಾ ಬೇಡ್ವಾ ಮಗಳೇ? ನೀನು ಬೇಡ ಅಂದ್ರೆ ಬೇಡ.”

ಹಿಂದಿನ ಕೋಣೆಯಲ್ಲಿ ಶೋನಾಗ್ ಮತ್ತು ಲಾಕ್ಲನ್ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಬರಲಿ ಎಂದೆ. ಒಂದಲ್ಲ ಒಂದು ಕಡೆ ಮೂಗು ಮುಚ್ಚಿಕೊಂಡೇ ಬದುಕಬೇಕು, ಅದು ಎಲ್ಲಾದರೇನು?

ಫೆಬ್ರವರಿ ೬, ಮಂಗಳವಾರ

ಫಾರ್ಕರ್‌ಗೆ ಬಾಯಿ ಯಾರು ಗೊತ್ತೇ? ಡೂಗಲ್. ಒಪ್ಪಿಕೊಂಡನಂತೆ. ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲವಂತೆ, ಅದು ಪದ್ಧತಿಯಂತೆ. ಥೂ. ಬಾವಿಯ ಹಗ್ಗಕ್ಕಾದರೂ ಇವನಿಗಿಂತ ಮಾನವಿದೆ, ಅದು ಆಗಾಗ ಕಿತ್ತುಹೋಗುತ್ತದೆ.

ಸಂಜೆ ತಾನೇ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಗೇ ನಿಂತ. ನಾಯಿಯೂ ಆಚೆಗೇ ಕೂತಿತು, ಕಸಬರಿಗೆಯ ನೆನಪಿರಬೇಕು.

“ಮಾರ್ಸಲಿ, ಶುಕ್ರವಾರ ನಾನು ಬರ್ಲಾ?”

“ಬಾ. ಬಾಯಿ ಇರೋದೇ ಅದಕ್ಕಲ್ವಾ?”

“ನೀನು ಬೇಡ ಅಂದ್ರೆ ಬರಲ್ಲ. ದೋಣಿ ತೂತಾಯ್ತು ಅಂತೀನಿ, ಜ್ವರ ಅಂತೀನಿ.”

“ನಾನ್ಯಾಕೆ ಬೇಡ ಅನ್ಲಿ? ಬೇಡ ಅನ್ನೋದು ನಿನ್ನ ಕೆಲ್ಸ.”

ಅವನ ಮುಖ ಮಳೆಗೆ ನೆನೆದಿತ್ತು, ಒರೆಸಿಕೊಳ್ಳಲಿಲ್ಲ. ಹೊಲಿದ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಿದ್ದ. ಬಾಗಿಲು ಹಾಕಿದೆ. ಮೈಯೆಲ್ಲ ಉರಿಯಿತು. ಇಷ್ಟು ಅಸಹ್ಯ ನನಗೆ ಯಾರ ಮೇಲೂ ಆಗಿಲ್ಲ, ಫಾರ್ಕರ್‌ನ ಮೇಲೂ ಇಲ್ಲ.

ಫೆಬ್ರವರಿ ೮, ಗುರುವಾರ

ಏನೂ ಬರೆಯುವುದಿಲ್ಲ.

ಫೆಬ್ರವರಿ ೯, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ.

ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಹುಡುಗಿ ಕೂರುವ ಜಾಗ. ಇಷ್ಟು ವರ್ಷ ಅಲ್ಲಿ ಕೂತವರಿಗೆ ಹೊರಗಿನ ಮಾತು ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದಕ್ಷರ ಬಿಡದೆ ಕೇಳಿಸುತ್ತದೆ, ಬಾಗಿಲ ಸಂದಿಯಲ್ಲಿ ಕಾಣಿಸುತ್ತದೆ ಕೂಡ. ಜನ ಸೇರಿದ್ದರು. ಫಾರ್ಕರ್ ಕೂದಲಿಗೆ ಬೆಣ್ಣೆಯೋ ಕೊಬ್ಬೋ ಮೆತ್ತಿಕೊಂಡು ಬಂದಿದ್ದ, ಅದರ ಕಮಟು ಬಾಗಿಲ ಈಚೆಗೂ ಬರುತ್ತಿತ್ತು.

ಡೂಗಲ್ ಎದ್ದು ನಿಂತು ಕೆಮ್ಮಿದ. “ಯಜಮಾನ್ರೆ, ಅಂಗಡಿಗೆ ಒಂದು... ಒಂದು ತಕ್ಕಡಿ ಬೇಕಿತ್ತು,” ಅಂದ. ತಕ್ಕಡಿ! ಅವನ ಮಾತು ಅಂಟಿದ ರೊಟ್ಟಿಯ ಹಾಗೆ ಕಾವಲಿ ಬಿಟ್ಟು ಏಳುತ್ತಲೇ ಇರಲಿಲ್ಲ.

ಮೊದಲು ಒಯ್ರಿಕ್ ಅತ್ತೆ ಹೋದಳು. “ಇದಲ್ಲ.” ಕಾರಣ ಹೇಳಲಿಲ್ಲ. ಅತ್ತೆ ಸೊಂಟಕ್ಕಿಟ್ಟ ಕೈ ಹಾಗೇ ಇಟ್ಟುಕೊಂಡು ಕಾದಳು, ಮುನಿಸಿಕೊಂಡು ಕೂತಳು. ಆಮೇಲೆ ಶೋನಾಗ್. ಮೊನ್ನೆ ತಾನೆ ಇದೇ ಇದೇ ಎಂದು ಕೂಗಿಸಿಕೊಂಡವಳು. “ಇದಲ್ಲ.” ಅವಳು ನಗುತ್ತಲೇ ಈಚೆ ಬಂದಳು, ಆದರೆ ಒಳಗೆ ಬಂದು ನನ್ನ ಕೈ ಹಿಡಿದುಕೊಂಡು, “ಅಕ್ಕ, ಆಟಕ್ಕೆ ಅಂದ್ರೂ ಚುಚ್ಚತ್ತೆ ಅಲ್ವಾ?” ಅಂದಳು. ನಾನು ಅವಳ ಕೆನ್ನೆ ಸವರಿದೆ.

ಅಪ್ಪ ನನ್ನ ಹೆಸರು ಕೂಗಿದ. ಹೋಗಿ ನಿಂತೆ. ಈ ಸಲ ನೆಲ ನೋಡಲಿಲ್ಲ. ಡೂಗಲ್‌ನನ್ನೇ ನೋಡಿದೆ, ಹೇಗೆ ಹೇಳುತ್ತಾನೋ ನೋಡೋಣವೆಂದು.

“ಇದಾ ನೀವು ಕೇಳಿದ್ದು?”

ಡೂಗಲ್ ಲೋಟವನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ.

“ಇದಲ್ಲ,” ಅಂದ.

ಜನ ನಕ್ಕರು. ಹೊಸ ಆಟವೆಂದುಕೊಂಡರು. ಅಪ್ಪನೂ ನಕ್ಕು, “ಸರಿಯಾಗಿ ನೋಡಪ್ಪಾ, ಮನೇಲಿ ಇನ್ನೊಂದಿಲ್ಲ,” ಅಂದ.

“ನೋಡಿದೀನಿ ಯಜಮಾನ್ರೆ. ನಾಲ್ಕು ಮನೇಲಿ ನೋಡಿದೀನಿ. ಇವರಿಗೆ ಬೇಕಾಗಿರೋದು ಇದಲ್ಲ.”

“ಇದೇ ಕಣೋ! ಇದೇ!” ಅಂತ ಕಿರುಚಿದ ಫಾರ್ಕರ್, ಎದ್ದು ನಿಂತು.

ಕೇಳಲು ಬಂದವನು ತಾನೇ ಬಾಯಿ ಬಿಟ್ಟಿದ್ದ. ನನ್ನ ಅಜ್ಜಿಯ ಕಾಲದಿಂದಲೂ ಹೀಗಾಗಿದ್ದು ಕೇಳಿಲ್ಲ. ಒಯ್ರಿಕ್ ಅತ್ತೆ ಶಿಲುಬೆಯ ಗುರುತು ಮಾಡಿಕೊಂಡಳು.

“ಕೇಳೋನು ಮಾತಾಡಬಾರ್ದು ಫಾರ್ಕರಣ್ಣ,” ಅಂದ ಡೂಗಲ್ ಮೆತ್ತಗೆ. “ಯಜಮಾನ್ರೆ, ನಾವು ಮನೆ ತಪ್ಪಿ ಬಂದಿದೀವಿ. ಮನ್ನಿಸಿ.” ಟೋಪಿ ತೆಗೆದುಕೊಂಡು ಹೋಗಿಯೇಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮೇಜಿನ ಮುಂದೆ ಒಮ್ಮೆ ಬೇಡವೆಂದದ್ದನ್ನು ಬೇಕೆನ್ನುವ ಹಾಗಿಲ್ಲ. ಫಾರ್ಕರ್ ಕೆಂಪಗಾಗಿ, ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ದಾರಿಯಲ್ಲಿದ್ದ ಬಕೆಟ್ ಒದ್ದು ಹೋದ. ಎಲ್ಲರೂ ಒಂದೇ ಮಾತು ಆಡುತ್ತ ಚದುರಿದರು. ಪಾಪ, ಡೂಗಲ್‌ಗೆ ಬಾಯಿ ರೂಢಿ. ಇಷ್ಟು ವರ್ಷ ಇವಳನ್ನು ಕಂಡರೆ ಇದಲ್ಲ ಅಂದು ಅಂದು, ಇವತ್ತೂ ಅದೇ ಬಂದುಬಿಟ್ಟಿತು.

ರೂಢಿಯೇ ಇರಬೇಕು. ಕಣ್ಣು ಮಾತ್ರ ರೂಢಿಯ ಹಾಗಿರಲಿಲ್ಲ. ಮದುವೆಗೆ ಉಳಿದವಳು ನಾನೊಬ್ಬಳೇ ಆದರೂ ನನ್ನನ್ನು ಬೇಡವೆಂದರು, ಇದಕ್ಕಿಂತ ಹೊಲಸು ಇನ್ನೇನಿದೆ? ಅವತ್ತು ಹೊಸ್ತಿಲಲ್ಲಿ ನಾನು ಅವನಿಗೆ ಏನೋ ಅಂದಿದ್ದೆ. ಏನೆಂದು ನೆನಪು ಮಾಡಿಕೊಳ್ಳಲು ಹೋಗುವುದಿಲ್ಲ.

ಅವಮಾನವಾದವರಿಗೆ ಊಟ ಸೇರುವುದಿಲ್ಲವಂತೆ. ನಾನು ಐದು ಆಲೂಗೆಡ್ಡೆ, ಎರಡು ಉಪ್ಪುಮೀನು ತಿಂದೆ.

ಫೆಬ್ರವರಿ ೧೧, ಭಾನುವಾರ

ಪೂಜೆ ಮುಗಿಸಿ ಬರುವಾಗ ಇಗರ್ಜಿಯ ಗೋಡೆಯ ಬಳಿ ಗಂಡಸರು ಆಡಿಕೊಳ್ಳುತ್ತಿದ್ದರು. ಇನ್ನು ಡೂಗಲ್‌ನನ್ನು ಯಾರೂ ಕರೆಯುವುದಿಲ್ಲವಂತೆ. ಅವನ ನಾಲಿಗೆಗೆ ತುಕ್ಕು ಹಿಡಿಯಿತಂತೆ. ಫಾರ್ಕರ್ ಅವನಿಗೆ ತಂಬಾಕು ಮಾರುವುದಿಲ್ಲವಂತೆ. ಅವನು ಅಲ್ಲೇ ನಿಂತು ಬರಿದಾದ ಪೈಪು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದ. ಎಲ್ಲರ ಮಕ್ಕಳ ಮದುವೆಗೂ ಆ ನಾಲಿಗೆ ಬೇಕಾಗಿತ್ತು. ಎಲ್ಲರೂ ಅವನ ಬಾಯಿಂದಲೇ ಕೇಳಿಸಿ ತಂದ ಹೆಂಡತಿಯರ ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದರು.

ನಾನು ನಿಂತು, “ನಿಮ್ಮಲ್ಲಿ ಯಾರಿಗೆ ಬರತ್ತೆ ಅವನ ಹಾಗೆ ಮಾತು? ಬನ್ನಿ, ಇಲ್ಲೇ ಆಡಿ ನೋಡೋಣ,” ಅಂದೆ. ಜೋರಾಗಿಯೇ ಅಂದಿರಬೇಕು, ಪಾದ್ರಿ ತಿರುಗಿ ನೋಡಿದರು. ನ್ಯಾಯ ಯಾರದಾದರೂ ನ್ಯಾಯವೇ. ಅದರಲ್ಲಿ ಬೇರೇನಿಲ್ಲ.

ಅಪ್ಪನ ಡಬ್ಬಿಯಲ್ಲಿ ತಂಬಾಕು ಬಹಳ ಇದೆ, ಅವನಿಗೆ ಕೆಮ್ಮು ಬೇರೆ. ಅರ್ಧ ತೆಗೆದು ಕಾಗದದಲ್ಲಿ ಕಟ್ಟಿದ್ದೇನೆ.

ಫೆಬ್ರವರಿ ೧೨, ಸೋಮವಾರ

ನಾಳೆ ಸಂಜೆ ಡೂಗಲ್ ಬರುತ್ತಾನಂತೆ. ನಾಳಿದ್ದಿನಿಂದ ಉಪವಾಸ. ಶೋನಾಗ್ ಸುದ್ದಿ ತಂದಳು, ತಂದವಳು ಸುಮ್ಮನಿರದೆ ಅಡಿಗೆ ಮನೆಯ ತುಂಬ ಕುಣಿದಾಡುತ್ತಿದ್ದಾಳೆ. ಕ್ಷಮೆ ಕೇಳಲು ಬರುತ್ತಿರಬೇಕು. ಕೇಳಲೇಬೇಕು. ಆದರೆ ಜೊತೆಗೆ ಲಾಕ್ಲನ್‌ನನ್ನೂ ಕೂರಿಸಿಕೊಳ್ಳುತ್ತಾನಂತೆ.

“ಕ್ಷಮೆ ಕೇಳೋಕೆ ಇಬ್ರು ಯಾಕೆ?” ಅಂದೆ.

“ಒಬ್ಬ ಸುಮ್ನೆ ಕೂತ್ಕೋಬೇಕಲ್ಲ ಅಕ್ಕ, ಇನ್ನೊಬ್ಬ ಮಾತಾಡ್ಬೇಕಲ್ಲ,” ಅಂದು ಏಪ್ರನ್ ಬಾಯಿಗೆ ತುರುಕಿಕೊಂಡು ಓಡಿಹೋದಳು.

ಹಾಲು ಕರೆಯಲು ಹೋದರೆ ಕೊಟ್ಟಿಗೆಯ ಒಳಗಿಂದ ಲಾಕ್ಲನ್‌ನ ದನಿ. ಹಸುವಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. “ಯಜಮಾನ್ರೆ... ಒಂದು ದೊಡ್ಡ ಸಮುದ್ರದ ದೋಣಿ... ಗಾಳಿಗೆ ಎದುರು... ಕೊಲ್ಲಿ ದಾಟಿದವನೊಬ್ಬ...” ಬೆವರುತ್ತಿದ್ದ. ಹಸು ಮೆಲುಕು ಹಾಕುತ್ತಿತ್ತು. ನನ್ನನ್ನು ಕಂಡವನೇ “ಹೂಂ” ಅಂದು ಹಿಂಬಾಗಿಲಿಂದ ಪರಾರಿಯಾದ. ಈ ಮನೆಯಲ್ಲಿ ಎಲ್ಲರಿಗೂ ತಲೆ ಕೆಟ್ಟಿದೆ.

ಒಯ್ರಿಕ್ ಅತ್ತೆ ಯಾರೂ ಕರೆಯದೆ ಬಂದು ಒಳ್ಳೆಯ ಶಾಲು ಹುಡುಕಿಟ್ಟು ಹೋಗಿದ್ದಾಳೆ, ನಾಳೆಗೆಂದು. “ನನ್ನ ಬೇಡ ಅನ್ನೋವಾಗ ಈ ಸಲ ಸರಿಯಾದ ಕಾರಣ ಕೊಡ್ಲಿ ಅಂತ ಹೇಳು ಆ ಲಾಕ್ಲನ್‌ಗೆ,” ಅಂದಳು.

ನಾಳೆ ಡೂಗಲ್ ಒಳಗೆ ಕಾಲಿಡುತ್ತಿದ್ದ ಹಾಗೆ ನಾನೇ ಎದುರು ನಿಂತು, ಎಲ್ಲರ ಮುಂದೆ, ಮುಖಕ್ಕೆ ಹೊಡೆದ ಹಾಗೆ ‘ಇದಲ್ಲ, ಬೇರೆ ತೋರಿಸಿ’ ಅನ್ನಬೇಕು. ಅವನಿಗೂ ಗೊತ್ತಾಗಲಿ. ಒಲೆಯ ಮುಂದೆ ನಿಂತು ನಾಲ್ಕೈದು ಸಲ ಹೇಳಿ ನೋಡಿದೆ. ಮೊದಲ ಮಾತಿನ ಮೇಲೇ ನಾಲಿಗೆ ನಿಂತುಬಿಡುತ್ತದೆ. ಇದಕ್ಕೆಲ್ಲ ಅಭ್ಯಾಸ ಬೇಕು, ನನಗಿಲ್ಲ.

ಹೊರಗೆ ಮಳೆ ಹಿಡಿದಿದೆ, ನಾಳೆಯೂ ಬಿಡುವ ಹಾಗೆ ಕಾಣುವುದಿಲ್ಲ. ಆ ದರಿದ್ರ ನಾಯಿ ಒದ್ದೆಯಾಗಿಯೇ ಬರುತ್ತದೆ, ಬಂದು ಒಲೆಯ ಮುಂದೆಯೇ ಮೈ ಕೊಡವುತ್ತದೆ, ವಾಸನೆ ವಾರವಿಡೀ ಇರುತ್ತದೆ. ಹಳೆಯ ಗೋಣಿಚೀಲ ಕೊಡವಿ ಒಲೆಯ ಪಕ್ಕ ಹಾಸಿದ್ದೇನೆ.